ಪಾರತ್ತೆಯ ಒಗ್ಗರಣೆ ಗಿಡ

ಯಲಬುರ್ಗಾದ ನಮ್ಮ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಬೇವಿನ ಮರವಿತ್ತು. ಅದರ ನೆರಳಿಗೆ ಹಿತ್ತಲು ನಡುಹಗಲಲ್ಲೂ ಮುಸ್ಸಂಜೆಯ ಹಾಗೆ ಇರುತ್ತಿತ್ತು. ಬೇಸಗೆಯಲ್ಲಿ ಊರಿಗೆ ಊರೇ ಹಂಚಿನಂತೆ ಕಾದಾಗ ಆ ನೆರಳು ನಮಗೆ ದೊಡ್ಡ ಆಸರೆಯೇನೋ ಖರೆ, ಆದರೆ ಅದರ ಕೆಳಗೆ ಏನೂ ಬೆಳೆಯುತ್ತಿರಲಿಲ್ಲ. ಅವ್ವ ಹೀರೆಬಳ್ಳಿ ಹಬ್ಬಿಸಲು ನೋಡಿದಳು, ಅದು ಬಿಳಿಚಿಕೊಂಡು ಸತ್ತಿತು. ಬದನೆ ಹಚ್ಚಿದಳು, ಎತ್ತರಕ್ಕೆ ಹೋಯಿತೇ ಹೊರತು ಒಂದು ಕಾಯಿ ಕೊಡಲಿಲ್ಲ. ಕಡೆಗೆ ಹಿತ್ತಲೆಂದರೆ ಬಚ್ಚಲ ನೀರು ಹರಿಯುವ ಕಾಲುವೆ, ಕಟ್ಟಿಗೆಯ ಒಟ್ಟಿಲು, ಎಮ್ಮೆಯ ಗೂಟ, ಇಷ್ಟೇ ಎಂದು ಎಲ್ಲರೂ ಕೈಚೆಲ್ಲಿದ್ದರು. ಅಂಥ ಜಾಗದಲ್ಲಿ ನನ್ನ ಸೋದರತ್ತೆ ಪಾರವ್ವ ಒಂದು ಕರಿಬೇವಿನ ಮರಿ ತಂದು ಹಚ್ಚಿದಳು. ನನ್ನ ಜೀವಕ್ಕೆ ಕಾಳಜಿ ಗಂಟುಬಿದ್ದದ್ದು ಅಂದಿನಿಂದ. ಇವತ್ತಿಗೂ ನಾನು ಎಲ್ಲಿಗಾದರೂ ಹೊರಟರೆ ಅರ್ಧ ದಾರಿಯಿಂದ ತಿರುಗಿ ಬಂದು ಬಾಗಿಲ ಕೀಲಿ ಜಗ್ಗಿ ನೋಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ದಿನಾ ಮುಂಜಾನೆ ಹಲ್ಲುಜ್ಜುವ ಮೊದಲೇ ಹಿತ್ತಲಿಗೆ ಓಡಿ, ಆ ಗಿಡದ ತುದಿಯಲ್ಲಿ ಮೊಗ್ಗು ಕಾಣುತ್ತದೇನೋ ಎಂದು ಉಸಿರು ಬಿಗಿಹಿಡಿದು ನೋಡಿದವಳು ನಾನು.

ಪಾರತ್ತೆ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಅವಳನ್ನು ಆನೆಗೊಂದಿಗೆ ಕೊಟ್ಟಿದ್ದರು. ಹೊಳೆ ದಂಡೆಯ ಊರು, ಭತ್ತದ ಗದ್ದೆ, ಬಾಳೆಯ ತೋಟ, ಉಣ್ಣಲು ತಿನ್ನಲು ಕೊರತೆಯಿಲ್ಲದ ಮನೆ. ಮಕ್ಕಳಾಗಲಿಲ್ಲ ಎಂದು ಗಂಡ ಎರಡನೆಯ ಮದುವೆ ಮಾಡಿಕೊಂಡ. ಹೊಸಬಳು ಹೊಸ್ತಿಲು ದಾಟಿ ಬಂದು ತಿಂಗಳೊಪ್ಪತ್ತು ಕಳೆಯುವುದರೊಳಗೆ ಪಾರತ್ತೆ ನಮ್ಮ ಮನೆಯ ಮುಂದೆ ಬಂಡಿಯಿಂದ ಇಳಿದಳು. ಕೈಯಲ್ಲಿ ಒಂದು ತಗಡಿನ ಟ್ರಂಕು, ಹಸಿ ಬಾಳೆಪಟ್ಟೆಯಲ್ಲಿ ಬೇರು ಸುತ್ತಿದ ಒಂದು ಗೇಣುದ್ದದ ಸಸಿ. ಯಾರು ಕೇಳಿದರೂ ನಮ್ಮ ಮನೆಯವರು ಹೇಳುತ್ತಿದ್ದ ಮಾತು ಒಂದೇ:

"ನಾಕು ದಿನ ಇದ್ದು ಹೋಗಾಕ ಬಂದಾಳ್ರಿ."

ಆ ನಾಕು ದಿನ ಮುಗಿಯಲೇ ಇಲ್ಲ. ನನಗೆ ಆಗಷ್ಟೇ ತಮ್ಮ ಹುಟ್ಟಿದ್ದ. ಅವ್ವನ ತೊಡೆಯ ಮೇಲೆ ಹೋಗಿ ಕೂತರೆ ದೂಡಿಸಿಕೊಳ್ಳುವ ಕಾಲ. ಪಾರತ್ತೆ ಬಂದ ದಿನವೇ ನನ್ನ ತಲೆಯ ಹೇನು ಹೆಕ್ಕಿದಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದಳು, ತನ್ನ ಗಂಗಾಳದಲ್ಲೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸಿದಳು. ಅಂದಿನಿಂದ ನಾನು ಅವಳ ಸೆರಗು ಬಿಡಲಿಲ್ಲ. ಮಲಗುವುದು ಅವಳ ಮಗ್ಗುಲಲ್ಲಿ, ಏಳುವುದು ಅವಳ ಮುಖ ನೋಡಿ. ಜ್ವರ ಬಂದರೆ ಅವ್ವನನ್ನು ಕೂಗುತ್ತಿರಲಿಲ್ಲ, ಅತ್ತೀ ಎನ್ನುತ್ತಿದ್ದೆ. ಅವಳು ನಾಕು ದಿನಕ್ಕೆ ಬಂದವಳು, ಐದನೆಯ ದಿನ ಹೋಗಿಬಿಟ್ಟರೆ ನನ್ನ ಗತಿ ಏನು ಎಂಬ ಪುಕುಪುಕು ಮಾತ್ರ ಮೊದಲ ದಿನದಿಂದಲೂ ಇತ್ತು.

ಸಸಿ ಹಚ್ಚುವ ದಿನವೇ ಮನೆಯಲ್ಲಿ ತಕರಾರಾಯಿತು. ನಮ್ಮೂರಲ್ಲಿ ಆಗ ಕರಿಬೇವೆಂದರೆ ಗಂಗಾವತಿಯ ಸಂತೆಯಿಂದ ಯಾರಾದರೂ ತಂದುಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಹಾಗಾಗಿ ಗಿಡ ಬಂದದ್ದಕ್ಕೆ ಅಪ್ಪನಿಗೆ ಹಿಗ್ಗೇ. ಆದರೆ ಅದನ್ನು ಮನೆಯ ಮುಂದೆ, ಬಿಸಿಲಿನಲ್ಲಿ ಹಚ್ಚಬೇಕೆಂದು ಅವನ ಹಟ. ಬೇವಿನ ಬುಡದಲ್ಲಿ ಏನು ಬೆಳೆದೀತು ಎಂದು ಅವನು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಾರತ್ತೆ ಬಚ್ಚಲ ಕಾಲುವೆಯ ಪಕ್ಕ, ಬೇವಿನ ನೆರಳು ದಟ್ಟವಾಗಿದ್ದಲ್ಲೇ ಕುಣಿ ತೋಡುತ್ತ ತಲೆ ಎತ್ತದೆ ಹೇಳಿದಳು:

"ಬಿಸಲಾಗ ಹಚ್ಚಿದ್ರ ಒಂದ ಬ್ಯಾಸಗಿಗೆ ಸುಟ್ಟು ಹೊಕ್ಕೈತಿ ಅಣ್ಣಾ. ಇದು ದೊಡ್ಡ ಗಿಡದ ಆಸರದಾಗ ಬೆಳಿಯೂದು. ಅಲ್ಲೆ ನಮ್ಮ ಹಿತ್ತಲದಾಗ ಮಾವಿನ ಗಿಡದ ಕೆಳಗಿತ್ತು. ನೆಟ್ಟಗ ಬಿಸಲು ಬಿದ್ದದ್ದ ಇಲ್ಲ ಅದರ ಮ್ಯಾಲೆ."

ಹಿತ್ತಲ ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಅಜ್ಜಿಗೆ ಮಗಳು "ನಮ್ಮ ಹಿತ್ತಲ" ಎಂದದ್ದು ಕಿವಿಗೆ ಬಿತ್ತೋ ಏನೋ, ಸಿಡುಕಿದಳು:

"ಹಚ್ಚು, ಹಚ್ಚು. ಈ ಗಿಡ ಹೂ ಬಿಟ್ಟರ ಹಚ್ಚಿದಾಕಿ ಮನಿ ಬಿಡತಾಳ ಅಂತ ಹಿರೇರು ಹೇಳ್ಯಾರ. ಅಷ್ಟೂ ತಿಳಿವಲ್ದು ಇಕಿಗೆ."

ಪಾರತ್ತೆ ಕೇಳಿದರೂ ಕೇಳದವಳಂತೆ ಮಣ್ಣು ಎಳೆದು ಬುಡಕ್ಕೆ ತುಳಿದಳು. ನನಗೆ ಮಾತ್ರ ಆ ಮಾತು ಹೊಟ್ಟೆಯಲ್ಲಿ ಕೂತಿತು. ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದೆ:

"ಅವ್ವಾ, ಮನಿ ಬಿಡೂದಂದ್ರ ಏನು?"

"ಸತ್ರನೂ ಮನಿ ಬಿಡೂದ, ಗಂಡನ ಮನಿಗೆ ಹೋದ್ರನೂ ಮನಿ ಬಿಡೂದ. ಸುಮ್ಮ ಹಿಟ್ಟು ಸಾಣಿಸು, ತಲಿ ತಿನಬ್ಯಾಡ."

ಅಂದರೆ ಎರಡರಲ್ಲಿ ಯಾವುದಾದರೂ ಪಾರತ್ತೆ ನನಗೆ ಇಲ್ಲ. ಹೂ ಬಿಡುವುದು, ಮನೆ ಬಿಡುವುದು. ಹಿರಿಯರಿಗೆ ಪ್ರಾಸ ಸಿಕ್ಕಿತೆಂದು ಗಾದೆ ಕಟ್ಟಿದ್ದರೋ, ಕಂಡು ಕೇಳಿ ಹೇಳಿದ್ದರೋ ದೇವರೇ ಬಲ್ಲ. ಆ ವಯಸ್ಸಿನಲ್ಲಿ ನನಗೆ ಅಜ್ಜಿಯ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ್ದು.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಆ ಗಿಡವನ್ನು ಊರೆಲ್ಲ ಕರಿಬೇವು ಎಂದರೂ ಹಚ್ಚಿದವಳು ಮಾತ್ರ ಹಾಗೆ ಅನ್ನುತ್ತಿರಲಿಲ್ಲ. ಅವಳ ಗಂಡನ ಹೆಸರು ಕರಿಬಸಪ್ಪ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರೆಲ್ಲ ನಂಬಿದ್ದರು. ಹಬ್ಬ, ಬಸಿರಿಯ ಕುಬಸಗಳಲ್ಲಿ ಪ್ರಾಸದ ಒಡಪು ಕಟ್ಟಿ, ನಾಚಿಕೊಂಡು ಒಮ್ಮೆ ಹೇಳಿದರೆ ಅದಕ್ಕೆ ಮಾಫಿ ಇತ್ತು. ಪಾರತ್ತೆ ಒಡಪು ಹೇಳುವ ಹೊತ್ತಿಗೆ ನೀರು ತರುವ ನೆಪ ಹೂಡಿ ಎದ್ದು ಹೋಗುತ್ತಿದ್ದಳು. ಹೆಸರಷ್ಟೇ ಅಲ್ಲ, ಹೆಸರಿನ ಮೊದಲ ಎರಡಕ್ಷರವೂ ಅವಳ ಬಾಯಿಗೆ ನಿಷಿದ್ಧ. ಕನ್ನಡದಲ್ಲಿ 'ಕರಿ' ಎನ್ನದೆ ಒಂದು ದಿನ ಕಳೆಯುವುದು ಎಷ್ಟು ಕಷ್ಟ ಎಂಬುದು ಅವಳ ಜೊತೆ ಇದ್ದವರಿಗೇ ಗೊತ್ತು. ಕರಿ ಎಮ್ಮೆ ಅವಳಿಗೆ ಕತ್ತಲೆಮ್ಮಿ. ಕರಿಗಡಬು ಎಣ್ಣಿ ಕಡಬು. ಅಪ್ಪನನ್ನು ಊಟಕ್ಕೆ ಕರಿ ಎನ್ನಲಾರಳು, ಕೂಗು ಎನ್ನುತ್ತಿದ್ದಳು. ಕಾರಹುಣ್ಣಿಮೆಯ ದಿನ ಎತ್ತು ಓಡಿಸಿ ಕರಿ ಹರಿಯುತ್ತಾರಲ್ಲ, ಅದಕ್ಕೆ ಅವಳು "ಅದನ್ನ ಹರಿಯೂದು" ಎನ್ನುವಳು. ಓಣಿಯ ಹುಡುಗಿಯರು ಅವಳ ಬಾಯಿಂದ ಅದೊಂದು ಮಾತು ಹೊರಡಿಸಬೇಕೆಂದು ಸುತ್ತ ಕೂತು ಕಾಡುತ್ತಿದ್ದರು. ಕಾಗೆಯ ಬಣ್ಣ ಯಾವುದು ಎಂದರೆ "ನಿಮ್ಮ ತಲಿಗೂದಲದ್ದು" ಎನ್ನುವಳು. ಹೀಗಾಗಿ ನಮ್ಮ ಕರಿಬೇವು ಅವಳ ಬಾಯಲ್ಲಿ ಒಗ್ಗರಣಿ ಗಿಡ ಆಯಿತು. ಅವಳ ಹಿಂದೆ ತಿರುಗುತ್ತಿದ್ದ ನಾನೂ ಹಾಗೇ ಅನ್ನತೊಡಗಿದೆ. ತಿರುಗಿ ಒಂದು ಸಲವೂ ಮುಖ ತೋರಿಸದ ಗಂಡನ ಆಯುಷ್ಯವನ್ನು ಅವಳು ಹಾಗೆ ದಿನಾ ಕಾಯುತ್ತಿದ್ದಳು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಗಿಡ ಮೊದಲ ಬೇಸಗೆಯಲ್ಲೇ ಎಲೆ ಉದುರಿಸಿತು. ಪಾರತ್ತೆ ಎದೆಗೆಡಲಿಲ್ಲ. ಬಚ್ಚಲ ನೀರು ಬಿಸಿಯಿರುವಾಗ ಅತ್ತ ಹರಿಯದಂತೆ ಮಣ್ಣಿನ ಒಡ್ಡು ಕಟ್ಟಿದಳು, ಆರಿದ ಮೇಲೆ ಒಡ್ಡು ತೆಗೆದು ಬಿಡುವಳು. ಉದುರಿದ ಬೇವಿನೆಲೆಯನ್ನು ಬುಡಕ್ಕೆ ಹರವಿ ತಂಪು ಮಾಡುವಳು. ಹುಳಿ ಮಜ್ಜಿಗೆ ಹಾಕಿದರೆ ಇದು ಚಿಗುರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ನಮ್ಮ ಮನೆಯ ಮಜ್ಜಿಗೆಯ ಗಡಿಗೆ ಅಜ್ಜಿಯ ವಶ. ಮುಂಜಾನೆ ಓಣಿಯ ಹೆಂಗಸರು ತಂಬಿಗೆ ಹಿಡಿದು ಬರುವರು, ಅಜ್ಜಿ ಯಾರನ್ನೂ ಬರಿಗೈಯಲ್ಲಿ ಕಳಿಸುವವಳಲ್ಲ. ಪಾರತ್ತೆ ಗಿಡಕ್ಕೆಂದು ಒಂದು ಬಟ್ಟಲು ಕೇಳಿದ ದಿನ ರಂಪವೇ ಆಯಿತು.

"ಮಂದಿ ಮಕ್ಕಳಿಗೆ ಸಾಲವಲ್ದು, ಗಿಡಕ್ಕ ಮಜ್ಜಿಗಿ ಎರಿತಾಳಂತ! ಕೂಸಿಗೆ ಹಾಲು ಕುಡಿಸಿದಂಗ ಮಾಡ್ತಾಳ ನೋಡು."

"ಹಡಿಯಾಕ ಬರದಾಕಿ ಗಿಡಾನರ ಬೆಳಸ್ತಾಳ ತಗೋ ಯವ್ವಾ," ಎಂದಳು ಪಾರತ್ತೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಜ್ಜಿ ಗಡಿಗೆಯ ಮೇಲೆ ಮುಚ್ಚಳ ಇಟ್ಟು ಎದ್ದು ಹೋದಳು, ಮಜ್ಜಿಗೆ ಮಾತ್ರ ಕೊಡಲಿಲ್ಲ. ಅಂದಿನಿಂದ ಪಾರತ್ತೆ ತನ್ನ ಊಟದ ಪಾಲಿನ ಮಜ್ಜಿಗೆಯನ್ನು ಕುಡಿಯದೆ ಎತ್ತಿಟ್ಟು, ಹುಳಿ ಬಂದ ಮೇಲೆ ನೀರು ಬೆರೆಸಿ ಗಿಡಕ್ಕೆ ಹಾಕತೊಡಗಿದಳು. ಗಿಡ ಚಿಗುರಿತು. ಅದು ಚಿಗುರಿದಷ್ಟೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಬೇಲಿ ಹಾರಿ ಬಂದ ಒಂದು ಆಡು ಅದನ್ನು ಮೋಟು ಮಾಡಿ ಹೋಯಿತು. ಪಾರತ್ತೆ ತಲೆಯ ಮೇಲೆ ಕೈಹೊತ್ತು ಕೂತಳು. ಅವಳ ಜೊತೆ ನಾನೂ ಕಣ್ಣೀರು ಹಾಕಿದೆ, ಆದರೆ ಒಳಗೊಳಗೆ ಪೀಡೆ ಹೋಯಿತು ಎನಿಸಿತ್ತು. ವಾರ ಕಳೆಯುವುದರೊಳಗೆ ಮೋಟಿನಿಂದ ಎರಡು ಕವಲು ಎದ್ದವು. ಪಾರತ್ತೆ ಜಾಲಿಮುಳ್ಳಿನ ಬೇಲಿ ಕಟ್ಟಿದಳು, ಕೈತುಂಬ ಗೀರು ಮಾಡಿಕೊಂಡು ನಗುತ್ತಿದ್ದಳು. ನನಗೆ ಮತ್ತೆ ಅನ್ನ ಸೇರದಾಯಿತು.

ಹೀಗೇ ವರ್ಷಗಳು ಹೋದವು. ಬೇವಿನ ದಟ್ಟ ನೆರಳಿನಲ್ಲಿ, ಸೋಸಿ ಬರುವ ಬೆಳಕಿನಲ್ಲೇ ಅದು ಗಿಡವಾಯಿತು. ಅವ್ವ ಜೋಳದ ನುಚ್ಚಿಗೆ ಮಜ್ಜಿಗೆ ಸಾರು ಮಾಡಿದರೆ ಸಾಸಿವೆ ಸಿಡಿಯುವುದರೊಳಗೆ ಪಾರತ್ತೆ ಹಿತ್ತಲಿಗೆ ಓಡಿ ಒಂದು ಎಸಳು ಹರಿದು ತರುತ್ತಿದ್ದಳು. ಆ ಘಮ ಓಣಿಯ ಕೊನೆಯವರೆಗೆ ಹೋಗುತ್ತಿತ್ತು. ಕೇಳಲು ಬರುವವರೂ ಹೆಚ್ಚಾದರು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಬೇರೆಲ್ಲ ಸರಿ, ಹೂ ಮಾತ್ರ ಇಲ್ಲ. ಬೇವು ಹೂ ಸುರಿಸುವ ಕಾಲ ಬಂದಾಗಲೆಲ್ಲ ಇದೂ ಬಿಟ್ಟೀತು ಎಂದು ನಾನು ಕಾಯುವೆ, ಕಾಲ ದಾಟಿದ ಮೇಲೆ ನಿಟ್ಟುಸಿರು ಬಿಡುವೆ. ನೆರಳಲ್ಲಿರುವುದಕ್ಕೆ ಬಿಡುತ್ತಿಲ್ಲ ಎಂದು ಅಪ್ಪ ಹೇಳಿದ. ನೆರಳಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಒಂದು ದಿನ ನಸುಕಿನಲ್ಲೇ ಎಚ್ಚರಾಗಿ ಹಿತ್ತಲಿಗೆ ಹೋದೆ. ಅಜ್ಜಿ ಗಿಡದ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಟೊಂಗೆ ಬಾಗಿಸಿ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ತುದಿಗಳಲ್ಲಿ ಏನನ್ನೋ ಚಿವುಟಿ ಚಿವುಟಿ ತನ್ನ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಏನ ಮಾಡಾಕತ್ತೀ ಅಜ್ಜಿ?"

ಬೆಚ್ಚಿಬಿದ್ದು ತಿರುಗಿದಳು.

"ಹುಳ ಹತ್ಯಾವ, ತಗಿಯಾಕತ್ತೀನಿ."

ನಾನು ಚೀಲದ ಬಾಯಿ ಅಗಲಿಸಿ ನೋಡಿದೆ. ಹುಳವಲ್ಲ, ಅಕ್ಕಿನುಚ್ಚಿನಷ್ಟು ಸಣ್ಣ ಹಸಿರು ಮೊಗ್ಗಿನ ಗೊಂಚಲು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

"ಬಾಯಿ ಬಿಟ್ಟಿ ಅಂದ್ರ ಬರಿ ಎಳೀತೀನಿ ನೋಡು."

ಅವಳು ಚೀಲವನ್ನು ಬಚ್ಚಲ ಒಲೆಯ ಕೆಂಡಕ್ಕೆ ಜಾಡಿಸಿದಳು. ನನಗೆ ಅಳು ಬಂತು, ಸಂತೋಷದ ಅಳು. ಹಗಲೆಲ್ಲ ಮಗಳ ಮೇಲೆ ಹರಿಹಾಯುವ ಈ ಮುದುಕಿ ಎಷ್ಟು ವರ್ಷದಿಂದ ಹೀಗೆ ಎಲ್ಲರಿಗಿಂತ ಮೊದಲು ಎದ್ದು ಬಂದು ಮಗಳು ಮನೆ ಬಿಡದಂತೆ ಮಾಡುತ್ತಿದ್ದಳೋ! ಹೆದರುವವಳು ನಾನೊಬ್ಬಳೇ ಅಲ್ಲ ಎಂದು ತಿಳಿದು ಎದೆ ಹಗುರಾಯಿತು. ಅಜ್ಜಿಯೇನೂ ಮೆತ್ತಗಾಗಲಿಲ್ಲ. ಅಂದೇ ಮಧ್ಯಾಹ್ನ ರೊಟ್ಟಿ ಹೊತ್ತಿಸಿದಳೆಂದು ಪಾರತ್ತೆಯನ್ನು ಹಿಡಿದು ಝಾಡಿಸಿದಳು.

ಆದರೆ ಗಿಡ ಮೇಲಕ್ಕೆ ಹೋಗುತ್ತಿತ್ತು, ಅಜ್ಜಿಯ ಬೆನ್ನು ಬಾಗುತ್ತಿತ್ತು. ನೆರಳಿನ ಗಿಡ, ಬೆಳಕು ಹುಡುಕಿಕೊಂಡು ತೆಳ್ಳಗೆ ಉದ್ದಕ್ಕೆ ಎದ್ದಿತ್ತು. ತುದಿ ಅಜ್ಜಿಗೆ ನಿಲುಕದಾಯಿತು. ಒಂದು ಮುಂಜಾನೆ ಅವಳು ಕೊಕ್ಕೆಕೋಲು ತಂದು ತುದಿಯನ್ನು ಎಳೆಯಲು ನೋಡಿದಳು, ನಾನು ಅವಳ ಸೊಂಟ ಹಿಡಿದು ನಿಂತಿದ್ದೆ. ಎಲೆಯ ಸಪ್ಪಳಕ್ಕೆ ಪಾರತ್ತೆ ಮನೆಗೆಲಸ ಬಿಟ್ಟು ಹೊರಗೆ ಬಂದಳು. ಒಗ್ಗರಣೆಗೆ ಎಲೆ ಹರಿಯುತ್ತಿದ್ದೇನೆ ಎಂದು ಅಜ್ಜಿ ಏನೋ ತೊದಲಿದಳು. ಪಾರತ್ತೆ ಕೇಳಿಸಿಕೊಳ್ಳಲಿಲ್ಲ, ಕತ್ತು ಮೇಲೆತ್ತಿ ನಿಂತುಬಿಟ್ಟಳು.

"ಯವ್ವಾ, ನೋಡಿಲ್ಲೆ! ಹೂ ಬಿಟ್ಟೈತಿ!"

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ತುದಿಯಲ್ಲಿ ಬೆಳ್ಳಗೆ ಗೊಂಚಲು. ಅಜ್ಜಿ ಕೋಲನ್ನು ಗೋಡೆಗೆ ಆನಿಸಿ ಒಳಗೆ ಹೋದಳು. ನಾನು ಪಾರತ್ತೆಯ ಸೆರಗು ಹಿಡಿದೆ.

"ಅತ್ತಿ, ನೀ ಮನಿ ಬಿಟ್ಟು ಹೋಗ್ತಿಯೇನು?"

"ಯಾರ ಹೇಳಿದ್ರು ನಿನಗ?"

"ಅಜ್ಜಿ ಹೇಳಿದ್ದಿಲ್ಲ? ಹೂ ಬಿಟ್ಟರ…"

ಪಾರತ್ತೆ ನಕ್ಕು ನನ್ನ ಕೆನ್ನೆ ಹಿಂಡಿದಳು. ಆದರೆ ಕಣ್ಣು ಮಾತ್ರ ಮನೆಯೊಳಗಿಂದ ಕಾಣುವ ಬೀದಿಬಾಗಿಲ ಕಡೆ ಹೋಯಿತು.

"ಕೂಗಾಕ ಬಂದ್ರ ಹೋಗಬೇಕಲ್ಲವ್ವ."

ಇಷ್ಟು ವರ್ಷ ನಾನು ಯಾವುದಕ್ಕೆ ಅಂಜಿದ್ದೆನೋ ಅದನ್ನೇ ಅವಳು ಕಾಯುತ್ತಿದ್ದಳು. ಅಂದಿನಿಂದ ಬೀದಿಯಲ್ಲಿ ಬಂಡಿಯ ಗೆಜ್ಜೆ ಸಪ್ಪಳವಾದರೆ ಓಡಿಹೋಗಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಸಾಲಿಗೆ ಹೋಗಲಾರೆ ಎಂದು ಹಟ ಮಾಡಿ ಅವಳ ಸೆರಗು ಹಿಡಿದು ತಿರುಗಿದೆ.

ಬಂಡಿ ಬಂತು. ಗಿಡದ ಹೂ ಇನ್ನೂ ಉದುರಿರಲಿಲ್ಲ. ಪಾರತ್ತೆಯ ಮೈದುನ, ಅವನ ಜೊತೆ ಆ ಮನೆಯ ಹಿರಿಯರೊಬ್ಬರು, ಒಂದು ಬಾಳೆಗೊನೆ. ಅಪ್ಪ ಅಂಗಡಿ ಮುಚ್ಚಿ ಓಡಿ ಬಂದ, ರುಮಾಲು ಸರಿಮಾಡಿಕೊಂಡು ಪಡಸಾಲೆಯಲ್ಲಿ ಕಂಬಳಿ ಹಾಸಿದ. ಅವ್ವ ಹೋಳಿಗೆಗೆ ಬೇಳೆ ಇಟ್ಟಳು. ಪಾರತ್ತೆ ಬಾಗಿಲ ಮರೆಯಲ್ಲಿ ನಿಂತಳು, ನಾನು ಅವಳ ಸೆರಗಿನ ಮರೆಯಲ್ಲಿ. ಮೈದುನ ನೀರು ಕುಡಿದು ವಿಷಯಕ್ಕೆ ಬಂದ:

"ಅಣ್ಣನ ಎರಡನೇದಾಕಿ ಗಂಡು ಹಡದಾಳ್ರಿ. ಹಡದಾಗಿಂದ ಹಾಸಿಗಿ ಹಿಡದಾಳ. ಕೂಸಿನ್ನ ನೋಡವರಿಲ್ಲ, ಒಲಿ ಮುಂದ ಕುಂದ್ರವರಿಲ್ಲ. ವೈನಿಯವರ್ನ ಕರಕೊಂಡು ಹೋಗೂಣು ಅಂತ ಬಂದೀವಿ."

"ಭಾಳ ಛಲೋ ಆತು ಬಿಡ್ರಿ," ಎಂದ ಅಪ್ಪ. ಅವನ ದನಿಯಲ್ಲಿ ವರ್ಷಗಳ ಭಾರ ಇಳಿದಂತಿತ್ತು. "ಹೆಣ್ಣುಮಗಳು ತನ್ನ ಮನ್ಯಾಗಿದ್ರನ ಚಂದ."

ಬಾಗಿಲ ಮರೆಯಿಂದ ಪಾರತ್ತೆ ಮೆಲ್ಲಗೆ ಕೇಳಿದಳು:

"ಅವರು ಯಾಕ ಬರಲಿಲ್ಲ?"

"ಅಣ್ಣಗ ಬಾಳಿ ತ್ವಾಟದ ಕೆಲಸ ವೈನಿ, ಪುರಸೊತ್ತಿಲ್ಲ. ನೀವೇನೂ ಕಾಳಜಿ ಮಾಡಬ್ಯಾಡ್ರಿ. ಹಿಂದಿನ ಕಟ್ಟಿಗಿ ಖೋಲಿ ಖಾಲಿ ಮಾಡಿ ಜಾಗಾ ಮಾಡೀವಿ. ಕೂಸು ನಡದಾಡೂ ಮಟಾ ಇದ್ರ ಸಾಕು. ಆಮ್ಯಾಲೆ ಬೇಕಾದ್ರ ಮತ್ತ ತವರಿಗೆ ತಂದು ಬಿಡತೀವಿ."

ಪಾರತ್ತೆ ಅಡುಗೆಮನೆಗೆ ಹೋದಳು. ಆಯಿತು, ಮುಗಿಯಿತು ಎಂದುಕೊಂಡೆ. ಅವ್ವ ಆಗಲೇ ಅಟ್ಟದ ಮೇಲಿಂದ ತಗಡಿನ ಟ್ರಂಕು ಇಳಿಸಿ ಧೂಳು ಒರೆಸುತ್ತಿದ್ದಳು. ನಾನು ಆ ಟ್ರಂಕಿನ ಮೇಲೆ ಹೋಗಿ ಕೂತೆ, ಏಳೆಂದರೂ ಏಳಲಿಲ್ಲ. ಪಾರತ್ತೆ ನನ್ನ ಕಡೆ ನೋಡದೆ ಸಾರಿಗೆ ಒಗ್ಗರಣೆ ಹಾಕಿದಳು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು, ಬಾಯಲ್ಲಿ ಎಲೆಯಡಿಕೆ ಇರಲಿಲ್ಲ, ಸುಮ್ಮನೆ ದವಡೆ ಆಡುತ್ತಿತ್ತು.

ಬಂದವರು ಅಪ್ಪನ ಜೊತೆ ಉಣ್ಣಲು ಕೂತರು. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ಪಾರತ್ತೆಯೇ ಬಡಿಸಿದಳು, ನಾನು ಟ್ರಂಕು ಬಿಟ್ಟೆದ್ದು ಅವಳ ಹಿಂದೆ ಹಿಂದೆಯೇ ತಿರುಗಿದೆ. ಎರಡನೆಯ ಸಲ ಸಾರು ಹಿಡಿದು ಬಂದವಳು ಮೈದುನನ ಗಂಗಾಳದ ಮುಂದೆ ಬಗ್ಗಿ ಹಾಗೇ ನಿಂತಳು. ಸೌಟು ಎತ್ತಲಿಲ್ಲ. ಅವಳು ಏನು ನೋಡುತ್ತಿದ್ದಾಳೆಂದು ನಾನೂ ಬಗ್ಗಿ ನೋಡಿದೆ. ಏನೂ ಇಲ್ಲ, ಉಂಡ ಗಂಗಾಳ. ಸಾರಿನಲ್ಲಿ ಸಿಕ್ಕ ಕರಿಬೇವಿನ ಎಲೆಗಳನ್ನೆಲ್ಲ ಅವನು ಬೆರಳಿನಿಂದ ತೆಗೆದು ಅಂಚಿಗೆ ಹಚ್ಚಿದ್ದ. ಹಿರಿಯರ ಗಂಗಾಳದಲ್ಲೂ ಹಾಗೇ. ಎಲ್ಲರೂ ಮಾಡುವುದು ಅದನ್ನೇ.

"ಸಾಕವ್ವ," ಎಂದರು ಹಿರಿಯರು. "ಸಾರು ಛಲೋ ಆಗೈತಿ. ಘಮಾ ಘಮಾ ಅಂತೈತಿ."

"ಘಮಾ ಅನ್ನೂದು ಕರಿಬೇವ್ರಿ," ಎಂದಳು ಪಾರತ್ತೆ.

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಏನೋ ಬಿತ್ತು. ಅಪ್ಪ ತುತ್ತು ಎತ್ತಿದ ಕೈ ಅಲ್ಲೇ ನಿಲ್ಲಿಸಿದ.

"ಏನಂದಿ ಪಾರೂ?"

"ಕರಿಬೇವು ಅಂದೆ ಅಣ್ಣಾ. ಒಗ್ಗರಣಿಗೆ ಬೇಕು, ಉಣ್ಣಾಕ ಕುಂತ್ರ ಬದಿಗೆ." ಮೈದುನನ ಕಡೆ ತಿರುಗಿದಳು. ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ. "ನಿಮ್ಮಣ್ಣ ಕರಿಬಸಪ್ಪಗ ಹೇಳ್ರಿ, ಪಾರವ್ವ ಬರಾಂಗಿಲ್ಲ ಅಂತ."

ಮೈದುನ ಎಂಜಲುಗೈಯಲ್ಲೇ ಎದ್ದ.

"ಗಂಡನ ಹೆಸರು ಬಾಯಾಗ ತಗೊಂಡಾಕಿ ಕೈಯಾಗ ಕೂಸು ಕೊಡೂದು ಎಲ್ಲೀದು, ನಮ್ಮ ಹೊಸ್ತಲಾನೂ ತುಳಸೂದಿಲ್ಲ. ಏಳ್ರಿ ಕಾಕಾ."

ಹಿರಿಯರು ಕೈ ತೊಳೆದುಕೊಂಡೇ ಎದ್ದರು, ಅಷ್ಟು ಪುಣ್ಯ. ಅಪ್ಪ ಬಂಡಿಯವರೆಗೆ ಕೈಮುಗಿಯುತ್ತ ಹೋದ, ತಿರುಗಿ ಬಂದು ಪಡಸಾಲೆಯಲ್ಲಿ ನಿಂತು ಕೂಗಾಡಿದ. ಊರಲ್ಲಿ ಮುಖ ಹೇಗೆ ತೋರಿಸಲಿ ಎಂದ, ಇದೆಲ್ಲ ನೀನು ಕೊಟ್ಟ ಸಲುಗೆ ಎಂದು ಅಜ್ಜಿಯ ಮೇಲೆ ಹರಿಹಾಯ್ದ. ಅವನು ರುಮಾಲು ಝಾಡಿಸಿ ಅಂಗಡಿಗೆ ಹೋದ ಮೇಲೆ ನಾನು ಹಿತ್ತಲಿಗೆ ಓಡಿದೆ. ಅತ್ತೆ ಹೋಗುವುದಿಲ್ಲ! ಅವಳ ಕೊರಳಿಗೆ ಜೋತುಬೀಳಬೇಕು, ಕುಣಿಯಬೇಕು ಎನಿಸಿತ್ತು.

ಪಾರತ್ತೆ ಕಾಲುವೆಯ ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೈ ಗಡಗಡ ನಡುಗುತ್ತಿತ್ತು. ನನ್ನ ಕೈ ಹಿಡಿದುಕೊಂಡಳು.

"ಗಿರಿಜಾ, ನಾ ಏನ ಅಂದೆ? ಹೆಸರು ತಗೊಂಡೆನಲ್ಲವ್ವ. ಮೂರು ಮಂದಿ ಮುಂದ ತಗೊಂಡೆ. ಅವರಿಗೇನರ ಆದ್ರ? ಆ ಹಸುಗೂಸು ಏನ ಮಾಡೀತು?"

ನನ್ನ ಸಂತೋಷವೆಲ್ಲ ಅಲ್ಲೇ ಇಳಿದುಹೋಯಿತು. ಹೌದಲ್ಲ, ಅವನಿಗೇನಾದರೂ ಆದರೆ? ಪಾರತ್ತೆಯ ಕುಂಕುಮ, ಬಳೆ? ಆನೆಗೊಂದಿಯಿಂದ ಇನ್ನೊಂದು ಬಂಡಿ ಸುದ್ದಿ ಹೊತ್ತು ಹೊರಟಿದೆಯೇನೋ ಎಂದು ನನಗೂ ನಡುಕ ಹತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತೆವು.

ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಈಗ ಬೈಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ಅವಳು ನರಳುತ್ತ ಪಾರತ್ತೆಯ ಪಕ್ಕದಲ್ಲಿ ಕೂತಳು.

"ಯಾಕ ನಡಗಾಕತ್ತೀ? ಏನೂ ಆಗೂದಿಲ್ಲ ಅವಗ."

"ಹೆಸರು ತಗೊಂಡೆ ಯವ್ವಾ."

"ಕೇಳೀನಿ, ಕಿವಿ ಇನ್ನಾ ಹೋಗಿಲ್ಲ ನನಗ. ನಾ ಏಸು ಸಲ ತಗೊಂಡೀನಿ, ನಿನಗೇನ ಗೊತ್ತು?"

ಪಾರತ್ತೆ ತಟ್ಟನೆ ತಾಯಿಯ ಕಡೆ ತಿರುಗಿದಳು.

"ಯಾರ ಹೆಸರು?"

"ನಿಮ್ಮಪ್ಪಂದು, ಮತ್ಯಾರ್ದು? ನಾ ಬೀಸಾಕ ಕುಂತಾಗ ದಿನಾ ತಗೋತಿದ್ದೆ. ಕಲ್ಲಿನ ಸಪ್ಪಳದಾಗ ಯಾರಿಗೂ ಕೇಳಾಂಗಿಲ್ಲ ಅಂತ. ಅವ ಏನರ ಅಂದ ದಿನ ಇನ್ನಾ ಜೋರು. ನಿಂಗಪ್ಪ ಅಂತ ಅಲ್ಲ ಮತ್ತ, ನಿಂಗ್ಯಾ ಅಂತ! ಏ ನಿಂಗ್ಯಾ, ನಿನ್ನ ಮನಿ ಹಾಳಾಗ, ಅಂತ ಒಂದೊಂದ ಹಿಡಿ ಜ್ವಾಳಕ್ಕ ಒಂದೊಂದ ಸಲ. ಏನಾತು ಅವಗ? ಹಲ್ಲೆಲ್ಲಾ ಉದುರಿ, ಕೋಲು ಹಿಡದು, ಮೊಮ್ಮಕ್ಕಳ ಜವಳ ಮಾಡಿಸೂ ಮಟಾ ಗಟ್ಟಿಮುಟ್ಟಾಗಿದ್ದ."

ಪಾರತ್ತೆ ಬಾಯಿ ತೆರೆದು ತಾಯಿಯನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು, ನಗುತ್ತ ಅಳು ಬಂತು, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. ಅವಳು ಹಾಗೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಅವಳ ಕೂದಲಲ್ಲಿ ಬೆರಳಾಡಿಸುತ್ತ ಕೂತಳು. ನನಗಿನ್ನೂ ನಂಬಿಕೆ ಸಾಲದೆ ಕೇಳಿದೆ:

"ಖರೇನ ಅಜ್ಜಿ? ಏನೂ ಆಗೂದಿಲ್ಲ?"

"ಹುಚ್ಚಿ, ಇಲ್ಲೆ ಕೇಳು ಬೇಕಾದ್ರ," ಎಂದವಳು ತಲೆಯೆತ್ತಿ, ಹಿತ್ತಲು ತುಂಬುವಷ್ಟು ಗಟ್ಟಿಯಾಗಿ, "ನಿಂಗ್ಯಾ!" ಎಂದು ಕೂಗಿದಳು.

ಬೀಸುಕಲ್ಲಿನ ಸಪ್ಪಳವಿಲ್ಲದೆ ಆ ಹೆಸರನ್ನು ಅವಳು ಹಾಗೆ ಗಟ್ಟಿಯಾಗಿ ಕೂಗಿದ್ದು ಅದೇ ಮೊದಲಿರಬೇಕು. ಅಜ್ಜ ಸತ್ತು ಎಷ್ಟೋ ವರ್ಷಗಳಾಗಿದ್ದವು. ಆದರೂ ಅಜ್ಜಿ ಒಮ್ಮೆ ಬಾಗಿಲ ಕಡೆ ನೋಡಿ, ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.